ಕಲ್ಲುನೆಲದ ಗೋಮಾಳಗಳಲ್ಲಿ ನಾಡಹುಲ್ಲು ಬೆಳೆಸುವ ಕ್ರಮ

(ಗ್ರಾಮ ಮುಖಂಡರ ಮತ್ತು ಹಿಡುವಳಿದಾರರ ಸಭೆಯಲ್ಲಿ ಓದಿದ ಉಪನ್ಯಾಸ)

ಕಾರ್ತೀಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು ಸರ್ವವಿದಿತವಾದ ಸಂಗತಿ. ಹಿಂದೆ ಆ ಸುತ್ತಿನ ಹೊಲಗಳಿಗೆ ಒಂದು ಬಸವ ನುಗ್ಗಿ ಕಡಲೆಕಾಯಿ ಪೈರನ್ನು ಹಾಳುಗೆಡಹುತ್ತಿತ್ತೆಂದೂ, ಅದನ್ನು ಶಾಂತಗೊಳಿಸುವುದಕ್ಕಾಗಿ ರೈತರು ಗುಡಿ ಕಟ್ಟಿ ಮೊದಲ ಬೆಳೆಯನ್ನು ಒಪ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯವಿದೆ. ಭಕ್ತರಿಗೆ ಅದು ಭಕ್ತಿಯ ಕಥೆ. ಬೇಸಾಯಗಾರರಿಗಾದರೋ ಅದರಲ್ಲಿ ಇನ್ನೊಂದು ಅರ್ಥವೂ ತೋರದಿರದು. ಹಸಿದ ದನ ಬೇಲಿಯನ್ನು ಲೆಕ್ಕಿಸುವುದಿಲ್ಲ. ಗೋಮಾಳ ಬರಿದಾದ ಊರಿನಲ್ಲಿ ದನ ಹೊಲಕ್ಕೆ ನುಗ್ಗುತ್ತದೆ, ನೆರೆಹೊರೆಯವರಲ್ಲಿ ಮನಸ್ತಾಪ ಹುಟ್ಟುತ್ತದೆ, ಕಡೆಗೆ ಆ ವ್ಯಾಜ್ಯವೆಲ್ಲ ಊರಿನ ಹಿರಿಯರ ಮುಂದೆ ಬಂದು ನಿಲ್ಲುತ್ತದೆ. ಆದಕಾರಣ ಗೋಮಾಳದ ಹುಲ್ಲಿನ ಪ್ರಶ್ನೆಯು ದನಗಳ ಹೊಟ್ಟೆಯ ಪ್ರಶ್ನೆಯಾಗಿರುವಂತೆಯೇ ಊರಿನ ನೆಮ್ಮದಿಯ ಪ್ರಶ್ನೆಯೂ ಆಗಿದೆ.

"ನಮ್ಮ ಗೋಮಾಳ ಬರೀ ಕಲ್ಲು, ಅಲ್ಲಿ ಏನು ಬೆಳೆದೀತು?" ಎಂಬ ಮಾತು ಅನೇಕ ಗ್ರಾಮಗಳಲ್ಲಿ ಕೇಳಿಬರುತ್ತದೆ. ಇದಕ್ಕೆ ಉತ್ತರವನ್ನು ಲಾಲ್‌ಬಾಗಿನಲ್ಲಿಯೇ ಕಾಣಬಹುದು. ಮಾಮೂಲ್‌ಪೇಟೆ, ಚಿಕ್ಕಪೇಟೆಗಳಲ್ಲಿ ವ್ಯಾಪಾರ ಮುಗಿಸಿ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಅಲ್ಲಿನ ಬಂಡೆಯನ್ನು ಹತ್ತಿ ನೋಡಬೇಕು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಶಾಸ್ತ್ರಜ್ಞರು ಹೇಳುವ ಆ ಬಂಡೆಯ ಬಿರುಕುಗಳಲ್ಲಿಯೂ, ಅಂಗೈಯಷ್ಟು ಮಣ್ಣು ನಿಂತ ತಗ್ಗುಗಳಲ್ಲಿಯೂ, ಯಾರೂ ಬಿತ್ತದೆ, ಯಾರೂ ನೀರೆರೆಯದೆ ಹುಲ್ಲು ಮೂಡಿರುತ್ತದೆ. ಕೆಳಗೆ ಗಾಜಿನ ಮನೆಯ ಸುತ್ತಣ ಹಸುರು ಹಾಸಿಗಾದರೋ ನೀರು, ಗೊಬ್ಬರ, ಕತ್ತರಿ ಇವುಗಳ ಉಪಚಾರ ಸದಾ ನಡೆಯುತ್ತಿರಬೇಕು. ಕಲ್ಲು ಹುಲ್ಲಿನ ಶತ್ರುವಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಬೀಜ ಕಟ್ಟುವುದಕ್ಕೆ ಮೊದಲೇ ಪ್ರತಿವರ್ಷವೂ ಮೇದು ತುಳಿಯುವುದೇ ಹುಲ್ಲಿನ ನಾಶಕ್ಕೆ ಮುಖ್ಯ ಕಾರಣ.

ಈ ತತ್ತ್ವವನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ದನಗಳ ಮೇವಿಗೆಂದು ಬಿಟ್ಟ ನೆಲಗಳಿಗೆ 'ಕಾವಲು' ಎಂದೇ ಹೆಸರು. ಬೇಸಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ದನಗಳು ಒಂದೆಡೆ ಮೇಯುತ್ತಿರುವಾಗ ಮತ್ತೊಂದೆಡೆ ಹುಲ್ಲು ಬೆಳೆದು ಬೀಜ ಉದುರಿಸುತ್ತಿತ್ತು. ಕಾಯುವುದೇ ಅಲ್ಲಿ ಬಿತ್ತನೆಯಾಗಿತ್ತು. ಆ ಕಾವಲುಗಳ ಬಹುಭಾಗ ಕಾಲಕ್ರಮದಲ್ಲಿ ಬೇರೆ ಉಪಯೋಗಗಳಿಗೆ ಹೋದರೂ, ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನೆ ಇಂದಿಗೂ ನಡೆದುಬಂದಿದೆ.

ತಮಿಳುನಾಡಿನ ಕಾಂಗೇಯಂ ಸೀಮೆಯ ರೈತರು ಇದೇ ತತ್ತ್ವವನ್ನು ಸ್ವಂತ ಹಿಡುವಳಿಗಳಲ್ಲಿ ಅನುಸರಿಸುತ್ತಾರೆ. ಮಳೆ ಕಡಮೆಯಾದ ಆ ಗರಸು ನೆಲವನ್ನು ಸಣ್ಣ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮುಳ್ಳುಗಿಡದ ಜೀವಂತ ಬೇಲಿ ಹಾಕಿ, ಒಳಗೆ ಕೊಳುಕಟ್ಟೆ ಹುಲ್ಲನ್ನೂ ಅಲ್ಲಲ್ಲಿ ಬಿಳಿಜಾಲಿ ಮರಗಳನ್ನೂ ಬೆಳೆಸಿ, ಸರದಿಯ ಮೇಲೆ ದನ ಮೇಯಿಸುತ್ತಾರೆ. ಪ್ರಸಿದ್ಧವಾದ ಕಾಂಗೇಯಂ ಎತ್ತುಗಳು ಬೆಳೆಯುವುದು ಈ ಹುಲ್ಲಿನಿಂದ. ಅಂಜನ ಹುಲ್ಲೆಂದು ಬೀಜ ಮಾರುವವರು ಕೊಡುವುದೂ ಇದನ್ನೇ.

ಇನ್ನು ಕ್ರಮವನ್ನು ವಿವರಿಸಬಹುದು.

ಮೊದಲನೆಯದು, ನೆಲದ ಸಿದ್ಧತೆ. ಕಲ್ಲುನೆಲವನ್ನು ಎಂದಿಗೂ ಪೂರ್ತಿ ಉಳಬಾರದು. ಉತ್ತರೆ ಇರುವ ಅಲ್ಪ ಮಣ್ಣೂ ಮೊದಲ ಬಿರುಮಳೆಗೆ ಕೊಚ್ಚಿಹೋಗುತ್ತದೆ. ಕಲ್ಲುಗಳನ್ನೆಲ್ಲ ಆಯ್ದು ತೆಗೆಯುವುದೂ ತಪ್ಪು. ಕಲ್ಲಿನ ಮಗ್ಗುಲಲ್ಲಿ ನೆರಳೂ ತೇವವೂ ಹೆಚ್ಚು ಕಾಲ ನಿಲ್ಲುವುದರಿಂದ ಬೀಜ ಅಲ್ಲಿಯೇ ಮೊದಲು ಮೊಳೆಯುತ್ತದೆ. ಸಡಿಲವಾದ ದೊಡ್ಡ ಕಲ್ಲುಗಳನ್ನು ಮಾತ್ರ ಇಳಿಜಾರಿಗೆ ಅಡ್ಡಲಾಗಿ ಸಾಲಾಗಿ ಜೋಡಿಸತಕ್ಕದ್ದು. ಹರಿಯುವ ನೀರು ಸಾಲಿಗೆ ತಡೆದು ಮಣ್ಣನ್ನು ಬಿಟ್ಟುಹೋಗುತ್ತದೆ. ಲಂಟಾನ, ಬಳ್ಳಾರಿ ಜಾಲಿ, ಕಾಂಗ್ರೆಸ್ ಕಳೆ ಇವುಗಳನ್ನು ಹೂ ಬಿಡುವ ಮೊದಲು ಬೇರುಸಹಿತ ಕೀಳಿಸತಕ್ಕದ್ದು. ಹಂಚಿಕಡ್ಡಿಯ ಪೊರಕೆಹುಲ್ಲೊಂದೇ ತುಂಬಿಕೊಂಡಿದ್ದರೆ ಆ ನೆಲ ಅತಿಯಾಗಿ ಮೇದು ಸೊರಗಿದೆಯೆಂದು ತಿಳಿಯಬೇಕು.

ಎರಡನೆಯದು, ಬೀಜ. ಒಳ್ಳೆಯ ನಾಡಹುಲ್ಲು ಊರಿನಿಂದ ಪೂರ್ತಿ ನಾಶವಾಗಿರುವುದು ಅಪೂರ್ವ. ಸ್ಮಶಾನದಲ್ಲಿ, ದೇವಸ್ಥಾನದ ಆವರಣದಲ್ಲಿ, ಬೇಲಿಯ ಅಂಚಿನಲ್ಲಿ, ಹೊಲದ ಬದುವಿನಲ್ಲಿ, ಎಂದರೆ ದನದ ಬಾಯಿ ತಲಪದ ಕಡೆಗಳಲ್ಲಿ, ಅದು ಉಳಿದಿರುತ್ತದೆ. ಚಿತ್ತೆ, ಸ್ವಾತಿ ಮಳೆಗಳ ಸುಮಾರಿಗೆ ತೆನೆ ಬಲಿತಾಗ ಕೈಯಿಂದ ಸವರಿ ಬೀಜ ತೆಗೆದು, ನೆರಳಿನಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ಇಡತಕ್ಕದ್ದು. ಅಂಜನ ಹುಲ್ಲಿನ ಹೊಸ ಬೀಜ ಕೂಡಲೇ ಸರಿಯಾಗಿ ಮೊಳೆಯುವುದಿಲ್ಲ. ಕೆಲವು ತಿಂಗಳು ಇಟ್ಟ ಬೀಜವೇ ಮೇಲು. ಬೀಜದ ತುದಿಯಲ್ಲಿ ಈಟಿಯಂತಹ ಮೊನೆಯುಳ್ಳ ಹುಲ್ಲನ್ನು ಮಾತ್ರ ಬಿತ್ತುವ ಅಗತ್ಯವಿಲ್ಲ. ಅದರ ಬಾಲ ತೇವಕ್ಕೆ ತಿರುಚಿಕೊಂಡು ಬೀಜವನ್ನು ತಾನೇ ಮಣ್ಣಿಗೆ ತಿರುಪುತ್ತದೆ. ಎಳೆಯದಿದ್ದಾಗ ಅದು ಒಳ್ಳೆಯ ಮೇವು. ಬಲಿತ ಮೇಲೆ ದನದ ಬಾಯಿಗೂ ಕುರಿಯ ಚರ್ಮಕ್ಕೂ ಚುಚ್ಚುವುದರಿಂದ ತೆನೆ ಬರುವ ಮೊದಲೇ ಕೊಯ್ಯಬೇಕು.

ಮೂರನೆಯದು, ಬಿತ್ತನೆ. ಮೃಗಶಿರ, ಆರಿದ್ರ ಮಳೆಗಳಲ್ಲಿ ನೆಲ ಚೆನ್ನಾಗಿ ನೆನೆದಾಗ ಬಿತ್ತತಕ್ಕದ್ದು. ಎಕರೆಗೆ 2ರಿಂದ 2½ ಕಿಲೋ ಅಂಜನ ಬೀಜ ಸಾಕು. ಬೀಜ ಹಗುರವಾಗಿ ಗಾಳಿಗೆ ಹಾರುವುದರಿಂದ ತೇವದ ಮರಳಿನಲ್ಲಿ ಕಲಸಿ ಎರಚಬೇಕು, ಇಲ್ಲವೆ ಜೇಡಿಮಣ್ಣು, ಸಗಣಿಗಳೊಡನೆ ಸಣ್ಣ ಉಂಡೆ ಕಟ್ಟಿ ಹಾಕಬೇಕು. ಉಂಡೆ ಕಟ್ಟಿದರೆ ಇರುವೆಗಳ ಕಾಟವೂ ತಗ್ಗುತ್ತದೆ. ಬೀಜ ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು. ಮುಳ್ಳಿನ ಕೊಂಬೆಯೊಂದನ್ನು ಮೇಲೆ ಎಳೆದರೆ ಸಾಕು.

ನಾಲ್ಕನೆಯದು ಕಾವಲು. ಉಳಿದ ಮೂರನ್ನೂ ಮಾಡಿ ಇದೊಂದನ್ನು ಬಿಟ್ಟರೆ ಬೀಜವೂ ಶ್ರಮವೂ ವ್ಯರ್ಥ. ಮೊದಲ ವರ್ಷ ಬಿತ್ತಿದ ಭಾಗಕ್ಕೆ ದನವನ್ನು ಬಿಡಲೇಬಾರದು. ಎರಡನೆಯ ವರ್ಷ ಬೀಜ ಉದುರಿದ ಮೇಲೆ ಕೊಯ್ದು ಒಯ್ಯಬಹುದು. ಮೂರನೆಯ ವರ್ಷದಿಂದ ಸರದಿಯ ಮೇಲೆ ಮೇಯಿಸಬಹುದು. ಒಣಹುಲ್ಲಿಗೆ ಬೆಂಕಿ ಬೀಳದಂತೆ ಬೇಸಗೆಯಲ್ಲಿ ಎಚ್ಚರವಿರಬೇಕು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ನೂರು ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಗೋಮಾಳವನ್ನು ಹೇಳಿದೆ. ದನವೊಂದಕ್ಕೆ ಬರುವುದು ಸುಮಾರು 12 ಗುಂಟೆ. ಇಷ್ಟು ಕಲ್ಲುನೆಲದ ಮೇಲೆ ವರ್ಷವಿಡೀ ಬಿಟ್ಟು ಮೇಯಿಸಿದರೆ ಹುಲ್ಲು ಉಳಿಯುವುದು ಅಸಾಧ್ಯ. ಬೆಳೆಯಲು ಬಿಟ್ಟು ಕೊಯ್ದುಕೊಂಡರೆ ಅದೇ 12 ಗುಂಟೆ ಬೇಸಗೆಗೊಂದು ಆಸರೆಯಾಗುತ್ತದೆ.

ಗೋಮಾಳವನ್ನು ಮುಚ್ಚಿದರೆ ಜಮೀನಿಲ್ಲದ ಬಡವರ ಆಡು ಕುರಿಗಳ ಗತಿಯೇನೆಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹೊಲವುಳ್ಳವರಿಗೆ ಬದುವಿನ ಹುಲ್ಲೂ ಪೈರಿನ ಸೊಪ್ಪೆಯೂ ಉಂಟು, ಅವರಿಗೆ ಗೋಮಾಳವೊಂದೇ. ಆದಕಾರಣ ಇಡೀ ಗೋಮಾಳವನ್ನು ಒಮ್ಮೆಗೇ ಮುಚ್ಚಬಾರದು. ನಾಲ್ಕು ಪಾಲು ಮಾಡಿ, ಒಂದೊಂದನ್ನೇ ಕಾಯ್ದು ಹದಕ್ಕೆ ತರಬೇಕು. ಕೊಯ್ದ ಹುಲ್ಲಿನಲ್ಲಿ ಮೊದಲ ಹೊರೆ ಅಂತಹವರ ಮನೆಗೆ ಸಲ್ಲಬೇಕು. ಹೀಗೆ ಮಾಡಿದಲ್ಲಿ ಅವರೇ ಕಾವಲುಗಾರರಾಗುತ್ತಾರೆ. ಮಾಡದಿದ್ದಲ್ಲಿ ಯಾವ ಬೇಲಿಯೂ ನಿಲ್ಲದು.

ಶಾಲೆ, ಚಾವಡಿ, ಮನೆಗಳ ಮುಂದೆ ಹಸುರು ಹಾಸು ಬೇಕೆನ್ನುವವರಿಗೂ ನಾಡಿನ ಗರಿಕೆಯೇ ಸಾಕು. ಕೊನ್ನಾರಿ ಗೆಡ್ಡೆಗಳನ್ನು ಅಗೆದು ತೆಗೆದು, ನಾಲ್ಕಾರು ಅಂಗುಲ ಒಳ್ಳೆಯ ಮಣ್ಣು ಹರಡಿ, ಗರಿಕೆಯ ಬಳ್ಳಿಯನ್ನು ತುಂಡುಮಾಡಿ ಮೂರು ನಾಲ್ಕು ಅಂಗುಲಕ್ಕೊಂದರಂತೆ ಮಳೆಗಾಲದಲ್ಲಿ ನೆಡತಕ್ಕದ್ದು. ಗರಿಕೆಗೆ ಬಿಸಿಲು ಅವಶ್ಯಕ. ಮರದಡಿಯಲ್ಲಿ ಅದು ಏಳದು.

ಮಹನೀಯರೇ, ಪಟೇಲಿಕೆ ಮೊದಲಾದ ಗ್ರಾಮಾಧಿಕಾರಗಳು 1961ರ ಕಾನೂನಿನಿಂದ ರದ್ದಾದವು. ಅವುಗಳೊಡನೆ ಗೋಮಾಳವನ್ನು ಕಾಯುವ ಹೊಣೆ ಮಾತ್ರ ರದ್ದಾಗಲಿಲ್ಲ. ಅದು ಈಗ ಪಂಚಾಯಿತಿಯ ಸದಸ್ಯರಿಗೂ ಊರಿನ ಹಿಡುವಳಿದಾರರಿಗೂ ಸೇರಿದೆ. ಬೀಜಕ್ಕೆ ತಗಲುವ ವೆಚ್ಚ ಅಲ್ಪ, ಕಲ್ಲುಸಾಲಿಗೆ ಬೇಕಾದ ಕಲ್ಲು ಅಲ್ಲಿಯೇ ಬಿದ್ದಿದೆ. ಬೇಕಾದುದು ಊರಿನವರ ಒಮ್ಮತ ಒಂದೇ. ಬರುವ ಮೃಗಶಿರ ಮಳೆಗೆ ಮುಂಚೆ ಪ್ರತಿಯೊಂದು ಗ್ರಾಮವೂ ತನ್ನ ಗೋಮಾಳದ ಕಾಲುಭಾಗವನ್ನು ಗುರುತಿಸಿ, ಕಾವಲಿನ ಏರ್ಪಾಡು ಮಾಡಿ, ಈ ಕಾರ್ಯವನ್ನು ಪ್ರಾರಂಭಿಸಬೇಕೆಂದು ಕೋರಲಾಗಿದೆ.