ಕುರ್ಚಿ, ಬೆನ್ನು ಮತ್ತು ಎದ್ದೇಳುವ ಅವಕಾಶ

ಮೇಜಿನ ಮುಂದೆ ದಿನವಿಡೀ ಕೂತು ದುಡಿಯುವವರ ಆರೋಗ್ಯದ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಕೂತೇ ಇರುವುದರಿಂದ ಹೃದ್ರೋಗ, ಸಕ್ಕರೆ ಕಾಯಿಲೆ ಹೆಚ್ಚುತ್ತವೆಯೇ ಎಂಬುದು ಒಂದು. ಬೆನ್ನು ನೋಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪುರಾವೆ ಗಟ್ಟಿಯಾಗಿದೆ. ಎರಡನೆಯದಕ್ಕೆ ಜನ ನಂಬಿರುವಷ್ಟು ಇಲ್ಲ. ಈ ವಿಚಾರ ಸಂಕಿರಣದ ಗೋಷ್ಠಿಗಳು ಇವೆರಡನ್ನೂ ಬಿಡಿಸಿ ನೋಡಬೇಕೆಂಬುದೇ ಆಶಯ.

ಕೂತು ಮಾಡುವ ಕಸುಬಿನ ಬಗ್ಗೆ ವೈದ್ಯರ ಕಾಳಜಿ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರಲ್ಲಿ ಹೊರತಂದ ಕಸುಬುದಾರರ ರೋಗಗಳ ಗ್ರಂಥದಲ್ಲಿ ಬಾಗಿ ಕೂತು ಹೊಲಿಯುವ ದರ್ಜಿಗಳಿದ್ದಾರೆ. 1713ರ ಆವೃತ್ತಿಯಲ್ಲಿ ಗುಮಾಸ್ತರೂ ಸೇರಿದರು. ಕೂತು ದುಡಿಯುವವರು ರಜಾದಿನಗಳಲ್ಲಾದರೂ ಮೈ ದಂಡಿಸಬೇಕೆಂದು ಅವನು ಹೇಳಿದ್ದ. ವಾರಾಂತ್ಯಕ್ಕೆ ಸಾವನದುರ್ಗ ಹತ್ತುವ ಬೆಂಗಳೂರಿನ ಟೆಕ್ಕಿಗಳು ಗೊತ್ತಿಲ್ಲದೆಯೇ ಪಾಲಿಸುತ್ತಿರುವ ಸಲಹೆ ಅದು.

ಇದಕ್ಕೆ ಅಂಕಿಸಂಖ್ಯೆಯ ಬಲ ಬಂದದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಿಂದ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ಬರೆದರು. ಬಸ್ಸು ಒಂದೇ, ಹೊಗೆ ಒಂದೇ, ಜನವೂ ಹೆಚ್ಚುಕಡಿಮೆ ಒಂದೇ ವರ್ಗದವರು. ಚಾಲಕ ಪಾಳಿಯುದ್ದಕ್ಕೂ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಹರಿಯುತ್ತ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಿದ್ದ. ಹೃದ್ರೋಗ ಕಂಡಕ್ಟರುಗಳಲ್ಲಿ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು. ಮುಂದೆ ಮಾರಿಸ್ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ, ಚಾಲಕರ ಪ್ಯಾಂಟಿನ ಸೊಂಟ ಎಳೆ ವಯಸ್ಸಿನಲ್ಲೇ ದೊಡ್ಡದಿದ್ದದ್ದು ಕಂಡಿತು. ಹಾಗಾಗಿ ಎಲ್ಲವನ್ನೂ ಸೀಟಿನ ತಲೆಗೆ ಕಟ್ಟುವಂತಿರಲಿಲ್ಲ. ಆದರೂ ಈ ಅಧ್ಯಯನದಲ್ಲಿ ಮುಖ್ಯವಾದದ್ದು ಬೇರೆಯೇ ಇದೆ: ಆ ಕಂಡಕ್ಟರ್ ವ್ಯಾಯಾಮವೆಂದುಕೊಂಡು ಮೆಟ್ಟಿಲು ಹತ್ತಿದವನಲ್ಲ. ಅವನ ಕೆಲಸವೇ ಅವನನ್ನು ಹತ್ತಿಸುತ್ತಿತ್ತು.

2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಇದೇ ಪತ್ರಿಕೆಯಲ್ಲಿ ಬಂತು. ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇರುವವರಲ್ಲಿ, ಎಂಟು ಗಂಟೆ ಕೂರುವುದರಿಂದ ಏರುವ ಸಾವಿನ ಅಪಾಯ ಬಹುಮಟ್ಟಿಗೆ ಅಳಿಸಿಹೋಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ಇದಕ್ಕಿಂತ ಕಡಿಮೆ: ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ.

ಬೆನ್ನಿನ ವಿಷಯ ಇಷ್ಟು ಸಲೀಸಲ್ಲ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು ಎಂಬ ಅವರ ಫಲಿತಾಂಶ ಪಠ್ಯಪುಸ್ತಕಗಳಿಗೂ ಕುರ್ಚಿ ಮಾರುವವರ ಜಾಹೀರಾತಿಗೂ ಹತ್ತಿತು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಬೆನ್ನಿನಲ್ಲಿ ಹೊಸ ಉಪಕರಣವಿಟ್ಟು ನೋಡಿದಾಗ, ಸಡಿಲವಾಗಿ ಒರಗಿ ಕೂತಾಗಿನ ಒತ್ತಡ ನಿಂತಾಗಿಗಿಂತ ಹೆಚ್ಚೇನೂ ಇರಲಿಲ್ಲ. ಇದು ಒಬ್ಬನ ಲೆಕ್ಕ, ನಿಜ. ಆದರೆ ಬರೀ ಕೂರುವುದೇ ಬೆನ್ನುನೋವಿಗೆ ಕಾರಣ ಎಂಬುದನ್ನು ನಂತರದ ಸಮೀಕ್ಷೆಗಳೂ ಎತ್ತಿಹಿಡಿದಿಲ್ಲ. ಕೂರುವುದರ ಜೊತೆಗೆ ವಾಹನದ ಕುಲುಕಾಟವೋ ಸೊಟ್ಟ ಭಂಗಿಯೋ ಸೇರಿದಾಗ ನಂಟು ಬಲವಾಗುತ್ತದೆ. ವಯಸ್ಕರ ಡಿಸ್ಕಿಗೆ ನೇರವಾಗಿ ರಕ್ತನಾಳಗಳಿಲ್ಲ. ಸುತ್ತಲಿನಿಂದ ಇಂಗಿ ಬರುವ ಪೋಷಕಾಂಶವೇ ಅದಕ್ಕೆ ಆಹಾರ. ಒಂದೇ ಭಂಗಿಯಲ್ಲಿ ಅಲುಗಾಡದೆ ಇರುವುದು ಒಳ್ಳೆಯದಲ್ಲವೆನ್ನಲು ಇದೊಂದು ಸಮಂಜಸ ಕಾರಣ. ಅಷ್ಟಕ್ಕೇ ಕೂರುವುದೆಲ್ಲ ವಿಷವಾಗುವುದಿಲ್ಲ.

ಸೊಂಟ ಹಿಡಿದುಕೊಂಡವರು ಮೊದಲು ಓಡುವುದು ಎಂಆರ್‌ಐ ಕಡೆಗೆ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ, 20ರ ವಯಸ್ಸಿನವರಲ್ಲಿ 37%, 80ರ ವಯಸ್ಸಿನವರಲ್ಲಿ 96% ಮಂದಿಗೆ ಡಿಸ್ಕ್ ಸವೆದಿರುವುದು ಕಂಡಿತ್ತು. ‘ಡಿಸ್ಕ್ ಸವೆದಿದೆ’ ಎಂಬ ವರದಿಯ ಸಾಲು ಎಷ್ಟೋ ಸಲ ನೋವಿಗಿಂತ ಹೆಚ್ಚಾಗಿ ಮನುಷ್ಯನನ್ನು ಹಾಸಿಗೆಗೆ ಕೆಡವುತ್ತದೆ. ಸ್ಕ್ಯಾನ್ ತಡಮಾಡಲೇಬಾರದ ಸಂದರ್ಭಗಳು ಬೇರೆ: ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಶಕ್ತಿ ಕುಂದುತ್ತಾ ಹೋಗುವುದು, ಬೆನ್ನುನೋವಿನೊಂದಿಗೆ ಜ್ವರ ಬರುವುದು ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು.

ಉಳಿದವರಿಗೆ ವಿಶ್ರಾಂತಿ ಮದ್ದಲ್ಲ. ಫಿನ್ಲೆಂಡಿನ 1995ರ ಪ್ರಯೋಗವೊಂದರಲ್ಲಿ ಹೊಸದಾಗಿ ಬೆನ್ನು ಹಿಡಿದವರ ಪೈಕಿ, ತಡೆದುಕೊಳ್ಳಬಹುದಾದಷ್ಟು ದಿನನಿತ್ಯದ ಓಡಾಟ ಮುಂದುವರಿಸಿದವರು ಮಲಗಿದವರಿಗಿಂತ ಬೇಗ ಚೇತರಿಸಿಕೊಂಡರು. ದೀರ್ಘಕಾಲದ ಬೆನ್ನುನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವ್ಯಾಯಾಮ ಕ್ರಮಗಳನ್ನು ಶಿಫಾರಸು ಮಾಡಿತು. ಸೊಂಟದ ಬೆಲ್ಟನ್ನೂ ಟ್ರ್ಯಾಕ್ಷನ್ನನ್ನೂ ಬೇಡವೆಂದಿತು. ಯಾವ ವ್ಯಾಯಾಮ ಎಂಬ ಜಗಳದಲ್ಲಿ ಹುರುಳು ಕಡಿಮೆ. ಯೋಗ, ನಡಿಗೆ, ಈಜು, ಭಾರ ಎತ್ತುವುದು, ಬಿಡದೆ ಮಾಡುವಂಥದ್ದು ಯಾವುದಾದರೂ ಆದೀತು. ಕಚೇರಿಯಲ್ಲೇ ಆಗುವುದೂ ಇದೆ: ಗಾಲಿಯಿಲ್ಲದ ಕುರ್ಚಿಯ ಅಂಚಿಗೆ ಸರಿದು, ಪಾದ ಒಳಗೆಳೆದು, ಎದೆಯ ಮೇಲೆ ಕೈ ಕಟ್ಟಿ, ಮುಂದಕ್ಕೆ ಬಾಗಿ ಏಳುವುದು, ದೊಪ್ಪನೆ ಬೀಳದೆ ನಿಧಾನವಾಗಿ ಕೂರುವುದು. ಹತ್ತು ಸಲ ಮಾಡಿದರೆ ತೊಡೆ ಬಿಸಿಯಾಗುತ್ತದೆ. ನಿಂತು ಕೆಲಸ ಮಾಡುವ ಎತ್ತರದ ಮೇಜು ಇಷ್ಟು ಅಗ್ಗವಲ್ಲ, ಅದರೆದುರು ದಿನವಿಡೀ ನಿಂತರೆ ಕಾಲು ಹಿಡಿಯುತ್ತದೆ.

ಇಷ್ಟಾದರೂ ಸಲಹೆಗಳೆಲ್ಲ ನೌಕರನ ಕಿವಿಗೇ ಬೀಳುತ್ತವೆ, ಕೆಲಸ ಹಂಚುವವರ ಕಿವಿಗಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಜನ ಸಾಲುಗಟ್ಟಿ ನಿಂತಿರುವಾಗ ನಾಡಕಚೇರಿಯ ಡೇಟಾ ಎಂಟ್ರಿ ಆಪರೇಟರ್ ಎದ್ದು ಓಡಾಡಿದರೆ ಕೌಂಟರಿನಾಚೆ ಗಲಾಟೆ. ಕಾಲ್ ಸೆಂಟರುಗಳಲ್ಲಿ ಸೀಟು ಬಿಟ್ಟ ನಿಮಿಷಗಳು ಲೆಕ್ಕಕ್ಕೆ ಬರುತ್ತವೆ. ಅರ್ಧ ಗಂಟೆಗೊಮ್ಮೆ ಏಳಿ ಎಂಬ ಭಿತ್ತಿಪತ್ರ ಇಂಥಲ್ಲಿ ಗೋಡೆಗೆ ಅಲಂಕಾರವಷ್ಟೆ. ಕೌಂಟರಿನವರನ್ನೂ ಕಡತ ವಿಭಾಗದವರನ್ನೂ ದಿನದ ನಡುವೆ ಅದಲುಬದಲು ಮಾಡುವುದು, ಸೀಟು ಬಿಟ್ಟ ಕೆಲವು ನಿಮಿಷಗಳನ್ನು ದುಡಿದ ಹೊತ್ತಿನಲ್ಲೇ ಸೇರಿಸುವುದು, ಪ್ರಿಂಟರನ್ನು ಕೈಗೆಟುಕದಷ್ಟು ದೂರ ಇಡುವುದು ಆಡಳಿತದಿಂದ ಆಗಬೇಕಾದ ಕೆಲಸಗಳು. ಕೊನೆಯ ಗೋಷ್ಠಿಯಲ್ಲಿ ವೈದ್ಯರು, ಫಿಸಿಯೋಥೆರಪಿಸ್ಟರ ಜೊತೆಗೆ ಮಾನವ ಸಂಪನ್ಮೂಲ ಅಧಿಕಾರಿಗಳನ್ನೂ ನೌಕರ ಸಂಘದವರನ್ನೂ ಕೂರಿಸಿರುವುದು ಇದೇ ಕಾರಣಕ್ಕೆ.