ಯುದ್ಧಕ್ಕೆ ಮುನ್ನ ಹಬ್ಬುವ ಸುಳ್ಳು



ಬಾಂಬು ಬೀಳುವುದಕ್ಕೆ ಮುನ್ನ ಅನೇಕ ಬಾರಿ ಸುಳ್ಳೊಂದು ಹಬ್ಬಿರುತ್ತದೆ. ಅಮೇರಿಕದ ಯುದ್ಧಗಳ ಇತಿಹಾಸವನ್ನು ಅವಲೋಕಿಸಿದಾಗ ನಮಗೆ ಇದು ಮನವರಿಕೆಯಾಗುತ್ತದೆ.

1964ರ ಆಗಸ್ಟ್ 4ರಂದು ಟಾಂಕಿನ್ ಕೊಲ್ಲಿಯಲ್ಲಿ ತನ್ನ ನೌಕೆಗಳ ಮೇಲೆ ಉತ್ತರ ವಿಯೆಟ್ನಾಂ ಎರಡನೆಯ ಬಾರಿ ದಾಳಿ ನಡೆಸಿತೆಂದು ಅಮೇರಿಕ ಘೋಷಿಸಿತು. ಅಂತಹ ದಾಳಿ ನಡೆದೇ ಇರಲಿಲ್ಲ. ಆದರೂ ಮೂರೇ ದಿನಗಳಲ್ಲಿ ಅಲ್ಲಿನ ಸಂಸತ್ತು ಅಧ್ಯಕ್ಷ ಜಾನ್ಸನ್‌ರ ಕೈಗೆ ಯುದ್ಧದ ಅಧಿಕಾರವನ್ನು ಒಪ್ಪಿಸಿತು. ವಿರೋಧಿಸಿ ಮತ ಹಾಕಿದವರು ಇಬ್ಬರು ಸೆನೆಟರ್‌ಗಳು ಮಾತ್ರ. ಆ ಯುದ್ಧವು ಲಕ್ಷಾಂತರ ವಿಯೆಟ್ನಾಮೀಯರನ್ನೂ 58 ಸಾವಿರಕ್ಕೂ ಅಧಿಕ ಅಮೇರಿಕನ್ ಸೈನಿಕರನ್ನೂ ಬಲಿ ಪಡೆಯಿತು.

2003ರ ಫೆಬ್ರವರಿ 5ರಂದು ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯ ಮುಂದೆ ಇರಾಕಿನ ಸಾಮೂಹಿಕ ವಿನಾಶಕ ಅಸ್ತ್ರಗಳ ಕುರಿತು 'ಪುರಾವೆ' ಮಂಡಿಸಿದರು. ಮಾರ್ಚ್‌ನಲ್ಲಿ ಬಗ್ದಾದಿನ ಮೇಲೆ ಬಾಂಬುಗಳು ಸುರಿದವು. 2004ರಲ್ಲಿ ಅಮೇರಿಕದ್ದೇ ತನಿಖಾ ತಂಡವು ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು ವರದಿ ನೀಡಿತು. ಆ ಭಾಷಣವು ತಮ್ಮ ಹೆಸರಿಗೆ ಅಂಟಿದ ಕಳಂಕವೆಂದು ಪೊವೆಲ್ 2005ರಲ್ಲಿ ಒಪ್ಪಿಕೊಂಡರು. ಸತ್ತವರು ಮರಳಲಿಲ್ಲ.

ಆದರೆ ಅನ್ಯಾಯವನ್ನು ಖಂಡಿಸುವಾಗಲೂ ನಾವು ನ್ಯಾಯವನ್ನು ಕೈಬಿಡಬಾರದು. 1988ರಲ್ಲಿ ಸದ್ದಾಮ್ ಹುಸೇನರ ಸೇನೆಯು ಹಲಬ್ಜದ ಕುರ್ದ್ ಮುಸ್ಲಿಮರ ಮೇಲೆ ವಿಷಾನಿಲ ಸುರಿದುದನ್ನು ನಮ್ಮಲ್ಲೆಷ್ಟು ಮಂದಿ ಖಂಡಿಸಿದ್ದೇವೆ? 2003ರ ಫೆಬ್ರವರಿ 15ರಂದು ಯುದ್ಧ ಬೇಡವೆಂದು ನ್ಯೂಯಾರ್ಕಿನ ಬೀದಿಗಿಳಿದವರೂ ಅಮೇರಿಕನ್ನರೇ.

ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ. ಪರಿಶೀಲಿಸದೆ ಮತ ಹಾಕಿದ ಸಂಸತ್ತನ್ನು ಟೀಕಿಸುವ ನಾವು, ಮೊಬೈಲಿಗೆ ಬಂದುದನ್ನೆಲ್ಲ ಪರಿಶೀಲಿಸದೆಯೇ ಹತ್ತು ಮಂದಿಗೆ ದಾಟಿಸುತ್ತಿಲ್ಲವೇ? ಸುಧಾರಣೆಯು ನಮ್ಮ ಮನೆಗಳಿಂದಲೇ ಆರಂಭವಾಗಲಿ.