ವಲಸೆಯೂ ಸಂತಾನವೂ: ಐರ್ಲೆಂಡಿನ ನಿದರ್ಶನ



ಜನರು ಪರದೇಶಕ್ಕೆ ಹೋಗಿ ನೆಲೆಸುವುದು ಜೀವನೋಪಾಯಕ್ಕೆ ಸಂಬಂಧಪಟ್ಟ ವಿಷಯ. ಮನೆಯಲ್ಲಿ ಮಕ್ಕಳಾಗುವುದು ಗೃಹಕೃತ್ಯಕ್ಕೆ ಸಂಬಂಧಪಟ್ಟ ವಿಷಯ. ಇವೆರಡಕ್ಕೂ ಪರಸ್ಪರ ನಂಟೇನು ಎಂದು ತಾವು ಕೇಳಬಹುದು. ನಂಟು ಬಹಳ ನಿಕಟವಾದುದು. ಅದನ್ನು ಐರ್ಲೆಂಡಿನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ನಿದರ್ಶನಗಳು ವಿರಳ. ಆದಕಾರಣ ಇಂದು ಆ ಒಂದು ದೇಶವನ್ನೇ ಹಿಡಿದು ವಿಚಾರ ಮಾಡೋಣ.

೧೮೪೧ರ ಖಾನೇಷುಮಾರಿಯಲ್ಲಿ ಐರ್ಲೆಂಡಿನ ಜನಸಂಖ್ಯೆ ೮೧ ಲಕ್ಷಕ್ಕೂ ಮೇಲಿತ್ತು. ೧೮೪೫ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಬಡವರಿಗೆ ಅದೇ ಮುಖ್ಯ ಆಹಾರ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ೧೦ ಲಕ್ಷ ಜನರು ಹಸಿವಿನಿಂದಲೂ ಜ್ವರಗಳಿಂದಲೂ ಮಡಿದರು. ೧೦ ಲಕ್ಷಕ್ಕೆ ಕಡಮೆಯಿಲ್ಲದಷ್ಟು ಮಂದಿ ಹಡಗು ಹತ್ತಿದರು. ಕ್ಷಾಮ ಕಳೆಯಿತು, ವಲಸೆ ಮಾತ್ರ ನಿಲ್ಲಲಿಲ್ಲ. ೧೯೧೧ರ ವೇಳೆಗೆ ಜನಸಂಖ್ಯೆ ಸುಮಾರು ೪೪ ಲಕ್ಷಕ್ಕೆ ಇಳಿದಿತ್ತು.

ಹೀಗೆ ಜನ ಕ್ಷೀಣಿಸಿದ ದೇಶದಲ್ಲಿ ದಂಪತಿಗಳಿಗೆ ಮಕ್ಕಳೂ ಕಡಮೆಯಾಗಿದ್ದಿರಬೇಕೆಂದು ಯಾರಾದರೂ ಊಹಿಸುವರು. ಸಂಗತಿ ಹಾಗಿಲ್ಲ. ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳನ್ನು ಹೆತ್ತಿರಿ ಎಂದು ೧೯೧೧ರ ಗಣತಿಯಲ್ಲಿ ಗೃಹಿಣಿಯರನ್ನು ಕೇಳಿದರು. ಮದುವೆಯಾಗಿ ೨೦ ವರ್ಷ ಕಳೆದಿದ್ದವರಿಗೆ ಸರಾಸರಿ ಹೆಚ್ಚು ಕಡಮೆ ಆರು ಮಕ್ಕಳು! ಅದೇ ಗಣತಿ ಇನ್ನೊಂದನ್ನೂ ಹೇಳುತ್ತದೆ. ೪೫ ವರ್ಷ ದಾಟಿದ ಸ್ತ್ರೀಯರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಮದುವೆಯೇ ಆಗಿರಲಿಲ್ಲ. ಮದುವೆಯಾದವರಿಗೆ ಮನೆತುಂಬ ಮಕ್ಕಳು. ಅನೇಕರಿಗೆ ಮದುವೆಯೇ ಇಲ್ಲ.

ಇದರ ಮರ್ಮ ವಲಸೆಯಲ್ಲಿದೆ. ಕ್ಷಾಮದ ಬಳಿಕ ರೈತನು ಜಮೀನನ್ನು ಮಕ್ಕಳಿಗೆಲ್ಲ ಪಾಲುಮಾಡುವ ಪದ್ಧತಿಯನ್ನು ಬಿಟ್ಟನು. ಒಬ್ಬ ಮಗನಿಗೆ ಹೊಲ, ಒಬ್ಬ ಮಗಳಿಗೆ ವರದಕ್ಷಿಣೆ, ಉಳಿದವರಿಗೆ ಅಮೆರಿಕಾ. ಮೊದಲು ಹೋದ ಅಕ್ಕ ಅಲ್ಲಿ ಯಾರದೋ ಮನೆಯಲ್ಲಿ ಚಾಕರಿ ಮಾಡಿ ತಂಗಿಗೆ ಹಡಗಿನ ಟಿಕೆಟ್ಟನ್ನು ಕಳುಹಿಸುವಳು; ತಂಗಿ ತಮ್ಮನಿಗೆ ಕಳುಹಿಸುವಳು. ಆಗ ಅನ್ಯ ದೇಶಗಳಿಂದ ವಲಸೆ ಹೋಗುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. ಐರ್ಲೆಂಡಿನಿಂದಲಾದರೋ ಅವಿವಾಹಿತ ಹುಡುಗಿಯರೂ ಹೆಚ್ಚು ಕಡಮೆ ಅಷ್ಟೇ ಸಂಖ್ಯೆಯಲ್ಲಿ ಹೋದರು. ಆದ್ದರಿಂದ ಏಳನೆಯ ಮಗುವೂ ಹೊಲಕ್ಕೆ ಭಾರವೆನಿಸಲಿಲ್ಲ. ಅದು ದೊಡ್ಡದಾದ ಮೇಲೆ ಹೋಗುವ ದಾರಿ ಮೊದಲೇ ಸಿದ್ಧವಾಗಿತ್ತು.

ಇದಕ್ಕೆ ಕೆಥೊಲಿಕ್ ಮತವೇ ಕಾರಣವಲ್ಲವೇ ಎಂದು ಕೆಲವರು ಕೇಳುವರು. ಮತದ ಪ್ರಭಾವ ಅಲ್ಪವಲ್ಲ. ಆದರೆ ಆಗ ಫ್ರಾನ್ಸಿನವರೂ ಬಹುತೇಕ ಕೆಥೊಲಿಕರೇ ಆಗಿದ್ದರು. ಅಲ್ಲಿಯ ರೈತನೂ ಜಮೀನು ಚೂರಾಗಬಾರದೆಂದು ಬಯಸಿದವನೇ. ಅವನು ಪರದೇಶಕ್ಕೆ ಹೋದದ್ದು ಅಪರೂಪ, ಸಂತಾನವನ್ನೇ ಮಿತಗೊಳಿಸಿಕೊಂಡನು. ಒಂದೇ ಇಕ್ಕಟ್ಟಿಗೆ ಒಬ್ಬನು ತೊಟ್ಟಿಲಿನಲ್ಲಿ ಪರಿಹಾರ ಕಂಡನು, ಮತ್ತೊಬ್ಬನು ಬಂದರಿನಲ್ಲಿ.

ಲೆಕ್ಕಕ್ಕೆ ಇವೆರಡೂ ಸಮಾನವೆನಿಸಬಹುದು, ಹೆತ್ತವಳಿಗೆ ಸಮಾನವಲ್ಲ. ಮಗನೋ ಮಗಳೋ ಹೊರಡುವ ಹಿಂದಿನ ರಾತ್ರಿ ಐರ್ಲೆಂಡಿನ ಹಳ್ಳಿಗಳಲ್ಲಿ ನೆರೆಹೊರೆಯವರೆಲ್ಲ ಸೇರಿ, ಶವದ ಬಳಿ ಕುಳಿತಿರುವಂತೆ ಜಾಗರಣೆ ಮಾಡುತ್ತಿದ್ದರು. ‘ಅಮೆರಿಕಾ ಜಾಗರಣೆ’ ಎಂದೇ ಅದಕ್ಕೆ ಹೆಸರು. ಹೋದವರು ಹಿಂದಿರುಗುವುದು ಅಪೂರ್ವವೆಂದು ಎಲ್ಲರೂ ಬಲ್ಲರು. ಬದುಕಿರುವ ಮಕ್ಕಳಿಗೆ ಅಶೌಚ ಹಿಡಿದಂತಹ ಈ ದುಃಖವನ್ನು ಯಾವ ಖಾನೇಷುಮಾರಿಯೂ ಬರೆದುಕೊಳ್ಳಲಿಲ್ಲ.

ಕಾಲ ತಿರುಗಿತು. ಐರ್ಲೆಂಡ್ ಗಣರಾಜ್ಯದಲ್ಲಿ ೧೯೬೦ರ ದಶಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ ಸುಮಾರು ನಾಲ್ಕು ಮಕ್ಕಳು. ಈಗ ಎರಡಕ್ಕೂ ಕಡಮೆ. ೧೯೯೦ರ ದಶಕದ ಕೊನೆಯ ವೇಳೆಗೆ ದೇಶ ಸಂಪನ್ನವಾಗಿ, ಪರದೇಶದವರು ಅಲ್ಲಿಗೆ ಬರತೊಡಗಿದರು. ಆ ದ್ವೀಪದಲ್ಲಿ ಹುಟ್ಟಿದ ಶಿಶುವಿಗೆ ಆಗ ಹುಟ್ಟಿನಿಂದಲೇ ಪೌರತ್ವದ ಹಕ್ಕಿತ್ತು. ಆ ಹಕ್ಕಿಗಾಗಿಯೇ ಪರದೇಶದ ಗರ್ಭಿಣಿಯರು ಬರುತ್ತಿರುವರೆಂಬ ಕೂಗೆದ್ದಿತು. ೨೦೦೪ರ ಜೂನ್ ತಿಂಗಳಲ್ಲಿ ಜನಮತ ಪಡೆದು ರಾಜ್ಯಾಂಗವನ್ನು ತಿದ್ದಿದರು. ಅನಂತರ ಬಂದ ಕಾನೂನಿನ ಮೇರೆಗೆ, ಪರದೇಶೀಯರ ಮಗುವಿಗೆ ಪೌರತ್ವ ದೊರೆಯಬೇಕಾದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಅದಕ್ಕೆ ಮುಂಚೆ ಕೆಲವು ವರ್ಷ ಅಲ್ಲಿ ಕ್ರಮವಾಗಿ ವಾಸಿಸಿರಬೇಕು.

ಇಲ್ಲೊಂದು ವಿಪರ್ಯಾಸವನ್ನು ತಾವು ಗಮನಿಸಬೇಕು. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಸಾಕು, ಆ ನೆಲವನ್ನು ಕಣ್ಣಿನಿಂದ ಕಾಣದ ಅಮೆರಿಕಾದ ಮೊಮ್ಮಗನು ನೋಂದಣಿ ಮಾಡಿಸಿಕೊಂಡು ಅಲ್ಲಿಯ ಪೌರನಾಗಬಹುದು. ಡಬ್ಲಿನ್ ನಗರದಲ್ಲೇ ಹುಟ್ಟಿದ ವಲಸೆಗಾರ್ತಿಯ ಕೂಸಿಗೆ ಹುಟ್ಟೊಂದರಿಂದಲೇ ಆ ಹಕ್ಕು ಬಾರದು. ಮಕ್ಕಳನ್ನು ಹೊರಗೆ ಕಳುಹಿಸಿ ಅತ್ತ ನಾಡು, ಹೊರಗಿನಿಂದ ಬಂದು ಹೆರುವವಳನ್ನು ಶಂಕೆಯಿಂದ ನೋಡಿತು.

ವಲಸೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೂಲಿ, ಹಣ, ಕಾನೂನು ಇವುಗಳ ಪ್ರಶ್ನೆಯೆಂದೇ ಚರ್ಚಿಸುತ್ತೇವೆ. ಐರ್ಲೆಂಡಿನ ಕಥೆ ಅದರ ಒಳಮನೆಯನ್ನು ತೋರಿಸುತ್ತದೆ. ಎಷ್ಟು ಮಕ್ಕಳು, ಎಲ್ಲಿ, ಯಾರ ಆಸರೆಯಲ್ಲಿ ಎಂಬ ತಾಯಿಯ ಪ್ರಶ್ನೆಗೆ ಗಡಿಯಲ್ಲಿರುವ ಬಾಗಿಲು ಉತ್ತರ ಹೇಳುತ್ತಿರುತ್ತದೆ. ಆ ಬಾಗಿಲನ್ನು ತೆರೆಯುವವರೂ ಮುಚ್ಚುವವರೂ ಅದರ ಎರಡು ಕಡೆಗೂ ತೊಟ್ಟಿಲುಗಳಿವೆ ಎಂಬುದನ್ನು ಮರೆಯಲಾಗದು.